ಎಚ್‌ಎಫ್ ಹಸುವಿನ ತವರಲ್ಲಿ ಗಾಳಿಗೆ ಹೋದ ಗೊಬ್ಬರ

2019ರ ಅಕ್ಟೋಬರ್ 1, ಮಂಗಳವಾರ. ನೆದರ್ಲೆಂಡ್ಸ್‌ನ ಹೆದ್ದಾರಿಗಳಲ್ಲಿ ಬೆಳಗಿನ ಜಾವದಿಂದಲೇ ಟ್ರ್ಯಾಕ್ಟರ್‌ಗಳ ಸಾಲು. ಎಲ್ಲವೂ ಹೊರಟಿದ್ದು ಹೇಗ್ ನಗರಕ್ಕೆ, ಅಲ್ಲಿನ ಸಂಸತ್ತು ಇರುವ ಊರಿಗೆ. ಟ್ರ್ಯಾಕ್ಟರ್ ಎಷ್ಟು ಜೋರಾಗಿ ಓಡುತ್ತದೆ ಅಂತ ಗೊತ್ತಲ್ಲ, ಹಿಂದೆ ಬಂದ ಕಾರುಗಳೆಲ್ಲ ತೆವಳಬೇಕಾಯಿತು. ಆ ಒಂದು ಬೆಳಗ್ಗೆ ದೇಶದಲ್ಲಿ ಆದ ಟ್ರಾಫಿಕ್ ಜಾಮ್‌ಗಳನ್ನೆಲ್ಲ ಕೂಡಿಸಿದರೆ 1,000 ಕಿಲೋಮೀಟರ್ ದಾಟಿತ್ತು.

ರೈತರ ಸಿಟ್ಟು ಹಾಲಿನ ಬೆಲೆಯ ಮೇಲಲ್ಲ. ಸಾಲಮನ್ನಾ ಕೇಳಲೂ ಅವರು ಬಂದಿರಲಿಲ್ಲ. ಜಗಳ ಇದ್ದದ್ದು ಕಣ್ಣಿಗೆ ಕಾಣದ ಒಂದು ಅನಿಲದ ಬಗ್ಗೆ. ಬೆಳಗ್ಗೆ ಕೊಟ್ಟಿಗೆ ಬಾಗಿಲು ತೆಗೆದ ಕೂಡಲೇ ಗಂಜಲದ ಘಾಟು ಮೂಗಿಗೆ ಹೊಡೆಯುತ್ತದಲ್ಲ, ಅದೇ ಅಮೋನಿಯಾ, ಸಾರಜನಕ ಹೊತ್ತ ಅನಿಲ. ಹೊಲಕ್ಕೆ ಹಾಕಿದ ಗೊಬ್ಬರದಿಂದ ಎದ್ದು ಹೋಗುವ ಸಾರಜನಕ ಹೀಗೆ ಸಂಸತ್ತಿನ ಬಾಗಿಲಿಗೆ ಬಂದು ನಿಂತದ್ದು ಹೇಗೆ ಅನ್ನುವುದೇ ಈ ಪ್ರಕರಣ.

ನಮಗೂ ಆ ದೇಶಕ್ಕೂ ಒಂದು ನಂಟಿದೆ. ಡೇರಿ ಇರುವ ನಮ್ಮ ಯಾವ ಹಳ್ಳಿಗೆ ಹೋದರೂ ಕಪ್ಪು-ಬಿಳಿ ಮಚ್ಚೆಯ ಎಚ್‌ಎಫ್ ಹಸು ಸಿಗುತ್ತದೆ. ಎಚ್‌ಎಫ್ ಅಂದರೆ ಹಾಲ್‌ಸ್ಟೀನ್ ಫ್ರೀಸಿಯನ್. ಆ ಫ್ರೀಸಿಯನ್ ಹೆಸರು ನೆದರ್ಲೆಂಡ್ಸ್‌ನ ಉತ್ತರಕ್ಕಿರುವ ಫ್ರೀಸ್‌ಲ್ಯಾಂಡ್ ಸೀಮೆಯದು. ಹಸು ಇಲ್ಲಿಗೆ ಬಂತು, ಅದರ ತವರಿನ ಈ ಕಥೆ ಮಾತ್ರ ಅಷ್ಟಾಗಿ ಬರಲಿಲ್ಲ.

ಸಣ್ಣ ದೇಶ, ತುಂಬಿದ ಕೊಟ್ಟಿಗೆ

ನೆದರ್ಲೆಂಡ್ಸ್‌ನ ವಿಸ್ತೀರ್ಣ ಸುಮಾರು 41,500 ಚದರ ಕಿಲೋಮೀಟರ್. ಅದರಲ್ಲಿ ಒಂದಿಷ್ಟು ಬರೀ ನೀರು. ನಮ್ಮ ಕರ್ನಾಟಕ 1,91,791 ಚದರ ಕಿಲೋಮೀಟರ್. ಅಂದರೆ ನಮ್ಮ ರಾಜ್ಯದ ಕಾಲು ಭಾಗವೂ ಇಲ್ಲದ ದೇಶ. ಈ ಪ್ರತಿಭಟನೆಯ ಹೊತ್ತಿಗೆ ಅಲ್ಲಿ ಸುಮಾರು 38 ಲಕ್ಷ ದನಗಳಿದ್ದವು, ಅದರಲ್ಲಿ 16 ಲಕ್ಷದಷ್ಟು ಹಾಲು ಕರೆಯುವ ಹಸುಗಳು. ಜೊತೆಗೆ ಒಂದು ಕೋಟಿಗೂ ಹೆಚ್ಚು ಹಂದಿ, ಹತ್ತು ಕೋಟಿಯಷ್ಟು ಕೋಳಿ. ಜನರ ಸಂಖ್ಯೆ ಒಂದು ಮುಕ್ಕಾಲು ಕೋಟಿಯ ಆಸುಪಾಸು.

ಇಷ್ಟು ಪ್ರಾಣಿಗಳಿಗೆ ಆ ನೆಲದಲ್ಲಿ ಬೆಳೆಯುವ ಮೇವು ಸಾಕಾಗುವುದಿಲ್ಲ. 1944-45ರ ಚಳಿಗಾಲದಲ್ಲಿ ಆ ದೇಶದ ಪಶ್ಚಿಮ ಭಾಗದ ಜನ ಹಸಿವಿನಿಂದ ಸತ್ತಿದ್ದರು. ಇನ್ನೊಮ್ಮೆ ಹಾಗಾಗಬಾರದು ಅಂತ ಯುದ್ಧ ಮುಗಿದ ಮೇಲೆ ಸರ್ಕಾರ ಕೃಷಿಗೆ ಹಣ ಸುರಿಯಿತು. ಹೊಲಗಳು ದೊಡ್ಡದಾದವು, ಯಂತ್ರ ಬಂತು, ರಾಸಾಯನಿಕ ಗೊಬ್ಬರ ಬಂತು. ರಾಟರ್‌ಡ್ಯಾಮ್ ಬಂದರಿನಲ್ಲಿ ಹಡಗುಗಟ್ಟಲೆ ಪಶು ಆಹಾರ ಇಳಿಯತೊಡಗಿತು. ಬ್ರೆಜಿಲ್, ಅರ್ಜೆಂಟೀನಾದ ಸೋಯಾ ಅದರಲ್ಲಿ ಮುಖ್ಯವಾದದ್ದು. ಸೋಯಾ ಅಂದರೆ ಪ್ರೋಟೀನ್, ಪ್ರೋಟೀನ್ ಅಂದರೆ ಸಾರಜನಕ. ಹಾಲು, ಚೀಸ್, ಮಾಂಸ ಹೊರದೇಶಕ್ಕೆ ಹೋದವು. ಸಗಣಿ, ಗಂಜಲ ಅಲ್ಲೇ ಉಳಿದವು. ಹಡಗು ವಾಪಸ್ ಹೋಗುವಾಗ ಗೊಬ್ಬರ ತುಂಬಿಕೊಂಡು ಹೋಗುವುದಿಲ್ಲ, ಅಲ್ವಾ?

ಅಲ್ಲಿನ ಒಂದು ಹಾಲಿನ ಹಸು ವರ್ಷಕ್ಕೆ ಸುಮಾರು 130ರಿಂದ 140 ಕೆಜಿ ಸಾರಜನಕವನ್ನು ಸಗಣಿ, ಗಂಜಲದಲ್ಲಿ ಹೊರಹಾಕುತ್ತದೆ. ನಮ್ಮ 45 ಕೆಜಿಯ ಯೂರಿಯಾ ಮೂಟೆಯಲ್ಲಿ ಸಾರಜನಕ ಶೇ. 46, ಅಂದರೆ 20.7 ಕೆಜಿ. ಒಂದೊಂದು ಹಸುವೂ ವರ್ಷಕ್ಕೆ ಆರು ಮೂಟೆಗಿಂತ ಜಾಸ್ತಿ ಯೂರಿಯಾದಷ್ಟು ಸಾರಜನಕ ಕೊಡುತ್ತದೆ ಅಂತಾಯಿತು. ಅದರಲ್ಲಿ ಬೆಳೆಗೆ ಸಿಗುವುದೆಷ್ಟು, ಗಾಳಿಗೆ ಹೋಗುವುದೆಷ್ಟು ಅನ್ನುವುದು ಮುಂದಿನ ಲೆಕ್ಕ.

ಗಂಜಲ ಮತ್ತು ಸಗಣಿ ಕೂಡಿದಾಗ

ಹಸು ತಿಂದ ಪ್ರೋಟೀನ್‌ನಲ್ಲಿ ಮೈಗೆ, ಹಾಲಿಗೆ ಬೇಕಾದಷ್ಟು ಕಳೆದು ಮಿಕ್ಕಿದ್ದು ಬಹುಪಾಲು ಗಂಜಲದಲ್ಲಿ ಯೂರಿಯಾ ಆಗಿ ಹೊರಬರುತ್ತದೆ. ಮೂಟೆಯಲ್ಲಿ ಬರುವ ಯೂರಿಯಾ ಯಾವುದೋ, ಇದೂ ಅದೇ ವಸ್ತು. ಯೂರಿಯಾ ತಾನಾಗಿ ಗಾಳಿಗೆ ಹಾರುವುದಿಲ್ಲ. ಆದರೆ ಸಗಣಿಯಲ್ಲಿರುವ ಸೂಕ್ಷ್ಮಜೀವಿಗಳ ಬಳಿ ಯೂರಿಯೇಸ್ ಎಂಬ ಕಿಣ್ವ ಇದೆ. ಗಂಜಲ ಸಗಣಿಗೆ ತಾಗಿದ ಕೂಡಲೇ ಅದು ಕೆಲಸ ಶುರು ಮಾಡುತ್ತದೆ, ಗಂಟೆಗಳಲ್ಲಿ ಯೂರಿಯಾವನ್ನು ಒಡೆಯುತ್ತದೆ. ಒಡೆದಾಗ ಅಮೋನಿಯಂ ಹುಟ್ಟುತ್ತದೆ (ಅಮೋನಿಯಾ ನೀರಲ್ಲಿ ಕರಗಿ ಕೂತ ರೂಪ), ಜೊತೆಗೆ ಆ ದ್ರವ ಇನ್ನಷ್ಟು ಕ್ಷಾರವಾಗುತ್ತದೆ. ಕ್ಷಾರ ಏರಿದಷ್ಟೂ ಅಮೋನಿಯಂ ಅಮೋನಿಯಾ ಅನಿಲವಾಗಿ ಬದಲಾಗುತ್ತದೆ. ಮೇಲೆ ಬಿಸಿಲು, ಗಾಳಿ ಇದ್ದರೆ ಮುಗಿಯಿತು.

ಹುಲ್ಲುಗಾವಲಲ್ಲಿ ಮೇಯುವ ಹಸು ಗಂಜಲ ಒಂದು ಕಡೆ ಹೊಯ್ಯುತ್ತದೆ, ಸಗಣಿ ಇನ್ನೊಂದು ಕಡೆ ಹಾಕುತ್ತದೆ. ಗಂಜಲ ನೆಲಕ್ಕೆ ಇಂಗುತ್ತದೆ. ಹಾಗಾಗಿ ಗಾಳಿಗೆ ಹೋಗುವುದು ಕಡಿಮೆ. ಡಚ್ಚರ, ಅಂದರೆ ನೆದರ್ಲೆಂಡ್ಸ್‌ನವರ ಹೊಸ ಕೊಟ್ಟಿಗೆಗಳಲ್ಲಿ ಇದು ತಿರುಗುಮುರುಗಾಯಿತು. ಸೀಳು ಬಿಟ್ಟ ಕಾಂಕ್ರೀಟ್ ನೆಲ, ಕೆಳಗೆ ದೊಡ್ಡ ಗುಂಡಿ. ಸಗಣಿ, ಗಂಜಲ ಎರಡೂ ಸೀಳಿನಿಂದ ಇಳಿದು ಗುಂಡಿಯಲ್ಲಿ ಬೆರೆತು ತೆಳ್ಳನೆ ಬಗ್ಗಡವಾಗುತ್ತವೆ. ನಮ್ಮ ಗೋಬರ್ ಗ್ಯಾಸ್ ಸ್ಲರಿಯ ಹಾಗೆ. ಗುಡಿಸುವ ಕೆಲಸ ಇಲ್ಲ, ಹುಲ್ಲಿನ ಹಾಸು ಇಲ್ಲ. ಕೆಲಸ ಹಗುರವಾಯಿತು, ಅಮೋನಿಯಾ ಹೆಚ್ಚಾಯಿತು.

ಇನ್ನು ಹೊಲಕ್ಕೆ ಹಾಕುವ ರೀತಿ. 1980ರ ದಶಕದವರೆಗೆ ಟ್ಯಾಂಕರ್ ಹಿಂದೆ ಒಂದು ತಟ್ಟೆ ಇರುತ್ತಿತ್ತು. ಬಗ್ಗಡ ರಭಸದಿಂದ ಬಂದು ತಟ್ಟೆಗೆ ಬಡಿದು ಬೀಸಣಿಗೆಯಂತೆ ಹರಡಿಕೊಂಡು ಹುಲ್ಲಿನ ಮೇಲೆ ಕಂದು ಮಳೆಯ ಹಾಗೆ ಬೀಳುತ್ತಿತ್ತು. ಕೆಲಸ ಬೇಗ ಆಗುತ್ತಿತ್ತು. ಆದರೆ ಒಂದೊಂದು ಹುಲ್ಲಿನ ಎಸಳಿಗೂ ತೆಳುವಾಗಿ ಮೆತ್ತಿಕೊಂಡ ಬಗ್ಗಡದಿಂದ ಅಮೋನಿಯಾ ಹೊರಬರಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಇಲ್ಲ. ಹೋಗುವುದರಲ್ಲಿ ಹೆಚ್ಚಿನ ಪಾಲು ಮೊದಲ ದಿನವೇ ಹೋಗುತ್ತದೆ, ಅದರಲ್ಲೂ ಮೊದಲ ಕೆಲವು ಗಂಟೆಗಳಲ್ಲಿ. ಬೆಳಗ್ಗೆ ಎರಚಿ, ಮಧ್ಯಾಹ್ನ ಊಟ ಮಾಡಿ ಬಂದು ನೋಡುವಷ್ಟರಲ್ಲಿ ಹೊಲದಲ್ಲಿ ಗೊಬ್ಬರದ ಬಣ್ಣ ಇದೆ, ಬಲ ಇಲ್ಲ.

ಕಾಡಿನಿಂದ ಬಂದ ದೂರು

ಈ ನಷ್ಟದ ಬಗ್ಗೆ ಮೊದಲು ತಲೆಕೆಡಿಸಿಕೊಂಡವರು ರೈತರಲ್ಲ. ಅವರಿಗೆ ಯೂರಿಯಾದಂಥ ಗೊಬ್ಬರ ಅಗ್ಗವಾಗಿ ಸಿಗುತ್ತಿತ್ತು. ಅಗ್ಗವಾಗಿ ಸಿಗುವುದನ್ನು ಯಾರೂ ಹಿಡಿದಿಡಲು ಹೋಗುವುದಿಲ್ಲ. ದೂರು ಬಂದದ್ದು ಕಾಡಿನಿಂದ.

ಆಗ ಯುರೋಪಿನಲ್ಲೆಲ್ಲ ಆಮ್ಲ ಮಳೆಯ ಮಾತು. ತಪ್ಪು ಕಾರ್ಖಾನೆ ಚಿಮಣಿಯದು, ಗಂಧಕದ ಹೊಗೆಯದು ಅಂತ ಎಲ್ಲರೂ ನಂಬಿದ್ದರು. 1982ರಲ್ಲಿ ಆ ದೇಶದ ಕೃಷಿ ವಿಶ್ವವಿದ್ಯಾಲಯ ಇರುವ ವಾಗೆನಿಂಗೆನ್‌ನ ಮಣ್ಣು ವಿಜ್ಞಾನಿ ನಿಕೋ ವಾನ್ ಬ್ರೀಮೆನ್ ಮತ್ತು ಜೊತೆಗಾರರು ಕಾಡಿನ ಮರಗಳ ಎಲೆಯಿಂದ ತೊಟ್ಟಿಕ್ಕುವ ನೀರನ್ನು ಹಿಡಿದು ಪರೀಕ್ಷೆ ಮಾಡಿದ ಫಲಿತಾಂಶ ಪ್ರಕಟಿಸಿದರು. ಆ ನೀರಿನಲ್ಲಿ ಅಮೋನಿಯಂ ಸಲ್ಫೇಟ್ ತುಂಬಿತ್ತು. ಗಂಧಕ ಚಿಮಣಿಯದೇ ಸರಿ, ಅಮೋನಿಯಾ ಮಾತ್ರ ದನದ ಕೊಟ್ಟಿಗೆಯದು, ಹೊಲದ್ದು. ಅಮೋನಿಯಾ ಕ್ಷಾರವಲ್ಲವೇ, ಮಣ್ಣು ಹುಳಿಯಾಗುವುದು ಹೇಗೆ ಅಂತ ಕೇಳಬಹುದು. ಮಣ್ಣಿಗೆ ಬಿದ್ದ ಅಮೋನಿಯಂ ಅನ್ನು ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುತ್ತವೆ. ಹಾಗೆ ಮಾಡುವಾಗ ಆಮ್ಲ ಹುಟ್ಟುತ್ತದೆ. ಗಾಳಿಯಲ್ಲಿ ಕ್ಷಾರ, ಮಣ್ಣಲ್ಲಿ ಆಮ್ಲ.

ಇದರ ಪರಿಣಾಮ ಎಲ್ಲಿಗೆ ಮುಟ್ಟಿತು ಅನ್ನುವುದಕ್ಕೆ ಒಂದು ಪುಟ್ಟ ಹಕ್ಕಿ ಸಾಕ್ಷಿ. ಗ್ರೇಟ್ ಟಿಟ್ ಅಂತ, ಗುಬ್ಬಿ ಗಾತ್ರದ್ದು. ಆ ದೇಶದ ಬಡ ಮಣ್ಣಿನ ಕಾಡುಗಳಲ್ಲಿ ಇದರ ಮೊಟ್ಟೆಯ ಚಿಪ್ಪು ತೆಳುವಾಗಿ ಒಡೆಯತೊಡಗಿತು. 1994ರಲ್ಲಿ ಯಾಪ್ ಗ್ರಾವೆಲಾಂಡ್ ಮತ್ತು ತಂಡದವರು ಕಾರಣ ತೋರಿಸಿದರು. ಮಣ್ಣು ಹುಳಿಯಾಗಿ ಸುಣ್ಣದ ಅಂಶ ಕರಗಿ ಹೋಗಿತ್ತು. ಸುಣ್ಣ ಇಲ್ಲದೆ ಬಸವನಹುಳು ಕಡಿಮೆಯಾದವು. ಹಕ್ಕಿ ಮೊಟ್ಟೆ ಇಡುವ ಕಾಲಕ್ಕೆ ತಿನ್ನುತ್ತಿದ್ದದ್ದು ಆ ಬಸವನಹುಳುವಿನ ಚಿಪ್ಪನ್ನೇ. ನೇರಳೆ ಹೂವಿನ ಹೀದರ್ ಗಿಡಗಳ ಬಯಲುಗಳಂತೂ ಕಣ್ಣೆದುರೇ ಹುಲ್ಲುಗಾವಲಾದವು. ಹೀದರ್ ಬಡ ಮಣ್ಣಿನ ಗಿಡ. ಆಕಾಶದಿಂದ ಪುಕ್ಕಟೆ ಗೊಬ್ಬರ ಬಿದ್ದರೆ ಗೆಲ್ಲುವುದು ಹುಲ್ಲು.

ಸೀಳಿನಲ್ಲಿ ಸುರಿದ ಗೊಬ್ಬರ

ಸರ್ಕಾರ 1984ರಲ್ಲಿ ಹಂದಿ, ಕೋಳಿ ಸಾಕಣೆ ಹೆಚ್ಚಿಸದಂತೆ ತಾತ್ಕಾಲಿಕ ಕಾನೂನು ತಂದಿತು. 1987ರಲ್ಲಿ ಗೊಬ್ಬರದ ಕಾನೂನು ಬಂತು. ನನ್ನ ಮಟ್ಟಿಗೆ ಈ ಪ್ರಕರಣದ ನಿಜವಾದ ತಿರುವು 1990ರ ದಶಕದ ಮೊದಲ ಅರ್ಧದ್ದು. ಬಗ್ಗಡವನ್ನು ನೆಲದ ಮೇಲೆ ಎರಚುವುದನ್ನೇ ಹಂತ ಹಂತವಾಗಿ ನಿಷೇಧ ಮಾಡಿದರು. ಗೊಬ್ಬರ ನೆಲದ ಒಳಗೆ ಹೋಗಬೇಕು, ಇಲ್ಲವೇ ನೆಲಕ್ಕೆ ಅಂಟಿಕೊಂಡು ಬೀಳಬೇಕು. ಉತ್ತ ಹೊಲವಾದರೆ ಹಾಕಿದ ಕೂಡಲೇ ಮಣ್ಣಿನಲ್ಲಿ ಸೇರಿಸಬೇಕು. ಯಾವಾಗ ಬೇಕಾದರೂ ಹಾಕುವ ಹಾಗೂ ಇಲ್ಲ. ಹುಲ್ಲುಗಾವಲಿಗೆ ಬಗ್ಗಡ ಹಾಕುವ ಕಾಲ ಫೆಬ್ರವರಿ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ. ಚಳಿಗಾಲವಿಡೀ ಗುಂಡಿಯಲ್ಲಿ ತುಂಬಿಟ್ಟದ್ದನ್ನು ಫೆಬ್ರವರಿ ಮಧ್ಯಕ್ಕೆ ಟ್ಯಾಂಕರ್‌ಗಳು ಸಾಲಾಗಿ ಹೊಲಕ್ಕೆ ತರುತ್ತವೆ.

ಯಂತ್ರ ಹೇಗಿದೆ ಅಂದರೆ, ಟ್ಯಾಂಕರ್ ಹಿಂದೆ ಹಲವು ಮೀಟರ್ ಅಗಲದ ಒಂದು ಕಬ್ಬಿಣದ ತೊಲೆ. ಅದಕ್ಕೆ ಒಂದು ಗೇಣಿನಷ್ಟು ಅಂತರದಲ್ಲಿ ಚೂಪಾದ ಚಕ್ರಗಳು. ಪ್ರತಿ ಚಕ್ರದ ಹಿಂದೆ ಒಂದು ರಬ್ಬರ್ ಪೈಪು. ಟ್ರ್ಯಾಕ್ಟರ್ ಹೋಗುತ್ತಿದ್ದಂತೆ ಚಕ್ರ ಹುಲ್ಲಿನ ಬುಡದಲ್ಲಿ ಐದು ಸೆಂಟಿಮೀಟರ್ ಆಳದ ಸೀಳು ಕೊಯ್ಯುತ್ತದೆ, ಪೈಪು ಆ ಸೀಳಿಗೆ ಬಗ್ಗಡ ಸುರಿಯುತ್ತದೆ. ಕೂರಿಗೆಯಲ್ಲಿ ಬೀಜ ಬಿದ್ದ ಹಾಗೆ, ಬೀಜದ ಬದಲು ಗೊಬ್ಬರ. ಹಿಂದೆ ಉಳಿಯುವುದು ಹಸಿರಿನ ನಡುವೆ ಕಪ್ಪು ಗೆರೆಗಳು, ಗೀಟು ಹಾಕಿದ ನೋಟ್‌ಬುಕ್ ಹಾಳೆಯಂತೆ. ಗಾಳಿಗೆ ತೆರೆದುಕೊಂಡ ಮೈ ಕಡಿಮೆ, ಆದ್ದರಿಂದ ನಷ್ಟವೂ ಕಡಿಮೆ.

ಎಷ್ಟು ಕಡಿಮೆ? ಡಚ್ ಪ್ರಯೋಗಗಳ ಸರಾಸರಿ ಹೀಗೆ ಬಂತು: ಹುಲ್ಲುಗಾವಲಿನ ಮೇಲೆ ಎರಚಿದರೆ ಬಗ್ಗಡದಲ್ಲಿದ್ದ ಅಮೋನಿಯಂ ಸಾರಜನಕದಲ್ಲಿ ನಾಲ್ಕರಲ್ಲಿ ಮೂರು ಪಾಲು ಹಾರಿ ಹೋಗುತ್ತದೆ. ಸೀಳಿಗೆ ಸುರಿದರೆ ಆರರಲ್ಲಿ ಒಂದು ಪಾಲು. ಉಳುವ ಹೊಲದಲ್ಲಿ ಆಳಕ್ಕೆ ಹಾಕಿದರೆ ನಷ್ಟ ನೂರಕ್ಕೆ ಎರಡೋ ಮೂರೋ.

ಇದನ್ನು ಮೂಟೆಯ ಲೆಕ್ಕಕ್ಕೆ ತರೋಣ. ಒಂದು ಟನ್ ಬಗ್ಗಡದಲ್ಲಿ ಸಾಧಾರಣವಾಗಿ 4 ಕೆಜಿ ಸಾರಜನಕ, ಅದರಲ್ಲಿ ಅರ್ಧದಷ್ಟು ಅಮೋನಿಯಂ ರೂಪದಲ್ಲಿ. ಹೆಕ್ಟೇರಿಗೆ 25 ಟನ್ ಹಾಕಿದರೆ ಅಮೋನಿಯಂ ಸಾರಜನಕ 50 ಕೆಜಿ. ಎರಚಿದರೆ 37 ಕೆಜಿ ಗಾಳಿಗೆ, ಸೀಳಿಗೆ ಹಾಕಿದರೆ 8 ಕೆಜಿ ಗಾಳಿಗೆ. ಉಳಿತಾಯ 29 ಕೆಜಿ. ಎಕರೆಗೆ ಹನ್ನೆರಡು ಕೆಜಿಯಷ್ಟು, ಅಂದರೆ ಅರ್ಧ ಮೂಟೆ ಯೂರಿಯಾ ದಾಟಿತು. ಒಂದೇ ಸಲ ಗೊಬ್ಬರ ಹಾಕಿದ್ದಕ್ಕೆ ಇದು. ವರ್ಷಕ್ಕೆ ಎರಡು ಮೂರು ಸಲ ಹಾಕುವವರಿದ್ದಾರೆ.

ಇಲ್ಲಿ ನಮ್ಮ ತಿಪ್ಪೆಯ ವಿಷಯ ಒಂದೆರಡು ಮಾತು. ಬೇಸಿಗೆಯಲ್ಲಿ ಹೊಲದ ತುಂಬ ಗೊಬ್ಬರದ ಗುಡ್ಡೆ ಹಾಕಿ, ಮಳೆ ಬೀಳುವವರೆಗೆ ಬಿಸಿಲಿಗೆ ಬಿಟ್ಟಿರುತ್ತೇವೆ. ಇದನ್ನು ಓದಿದವರು ನಮ್ಮಲ್ಲೂ ಮುಕ್ಕಾಲು ಪಾಲು ಹಾರಿ ಹೋಯಿತು ಅಂತ ಗಾಬರಿಯಾಗಬಹುದು. ಆ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ನಮ್ಮ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಅರ್ಧ ಪಾಲು, ಅದೂ ಹೆಚ್ಚಾಗಿ ಹಾರದ ರೂಪದಲ್ಲಿ. ಹಾರುವಂಥದ್ದು ಹೊಲಕ್ಕೆ ಬರುವ ಮೊದಲೇ ಕೊಟ್ಟಿಗೆಯ ಮಣ್ಣು ನೆಲದಲ್ಲಿ, ತೆರೆದ ತಿಪ್ಪೆಯಲ್ಲಿ ಹೋಗಿರುತ್ತದೆ. ಮಲೆನಾಡಿನವರು ದನದ ಕಾಲಡಿ ಸೊಪ್ಪು, ದರಗು ಹಾಸುತ್ತಾರಲ್ಲ, ಆ ಹಾಸು ಗಂಜಲ ಹೀರಿ ಒಂದಿಷ್ಟು ಹಿಡಿದಿಡುತ್ತದೆ. ಸೀಳು ನೆಲದ ಕೊಟ್ಟಿಗೆಯಲ್ಲಿ ಡಚ್ಚರು ಬಿಟ್ಟುಬಿಟ್ಟ ಕೆಲಸವೇ ಅದು.

ಫ್ರೀಸ್‌ಲ್ಯಾಂಡ್‌ನವರ ತಕರಾರು

ಸೀಳುವ ಯಂತ್ರವನ್ನು ಎಲ್ಲ ರೈತರೂ ಖುಷಿಯಿಂದ ಒಪ್ಪಲಿಲ್ಲ. ಅವರ ಮಾತನ್ನು ಸುಮ್ನೆ ಹಠ ಅಂತ ತಳ್ಳಿಹಾಕುವವರ ಜೊತೆ ನಾನಿಲ್ಲ.

ಯಂತ್ರ ದುಬಾರಿ, ಸಣ್ಣ ರೈತ ಕೊಳ್ಳಲಾರ. ಬಾಡಿಗೆಗೆ ಕರೆಸಬೇಕು, ಅವನು ಬಂದ ದಿನವೇ ಹಾಕಬೇಕು. ತುಂಬಿದ ಟ್ಯಾಂಕರ್ ವಸಂತದ ಒದ್ದೆ ನೆಲದ ಮೇಲೆ ಹೋದರೆ ಮಣ್ಣು ಗಟ್ಟಿಯಾಗುತ್ತದೆ. ಚಕ್ರ ಎರೆಹುಳುವನ್ನು ಕತ್ತರಿಸುತ್ತದೆ ಅಂತಲೂ ದೂರಿದರು. ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮಾತೂ ಬಂತು. ಅವುಗಳಲ್ಲಿ ಕಪ್ಪು ಬಾಲದ ಗಾಡ್ವಿಟ್ ಮುಖ್ಯ, ಅದು ಆ ದೇಶದ ರಾಷ್ಟ್ರಪಕ್ಷಿ. ಆ ಜಾತಿಯ ಹಕ್ಕಿಗಳು ಚಳಿಗಾಲಕ್ಕೆ ನಮ್ಮ ಕೆರೆಗಳಿಗೂ ಬರುತ್ತವೆ.

ಫ್ರೀಸ್‌ಲ್ಯಾಂಡ್‌ನಲ್ಲಿ ವೆಲ್ ಮತ್ತು ವಾನ್‌ಲಾ ಅಂತ ರೈತರ ಎರಡು ಪರಿಸರ ಸಹಕಾರ ಸಂಘಗಳು 1990ರ ದಶಕದಲ್ಲಿ ಹುಟ್ಟಿದವು. ಅಲ್ಲಿನ ಹೊಲಗಳು ಸಣ್ಣವು, ಸುತ್ತ ಮರಗಳ ಬೇಲಿ. ದೊಡ್ಡ ಯಂತ್ರ ತಿರುಗಲೂ ಜಾಗವಿಲ್ಲ. ಗೊಬ್ಬರ ಹಾಕುವ ರೀತಿಯನ್ನು ಹಿಡಿಯುವ ಬದಲು ಗೊಬ್ಬರವನ್ನೇ ಬದಲಿಸುತ್ತೇವೆ ಅಂತ ಅವರು ವಾದಿಸಿದರು. ಹಸುವಿಗೆ ಪ್ರೋಟೀನ್ ಕಡಿಮೆ, ನಾರು ಜಾಸ್ತಿ ಕೊಟ್ಟರೆ ಗಂಜಲದಲ್ಲಿ ಯೂರಿಯಾ ಕಡಿಮೆಯಾಗುತ್ತದೆ, ಆಗ ಹಾರಲು ಇರುವುದೇ ಕಡಿಮೆ. ಮೇಲೆ ಎರಚಲು ಅವರಿಗೆ ಪ್ರಯೋಗದ ಹೆಸರಲ್ಲಿ ವಿನಾಯಿತಿಯೂ ಸಿಕ್ಕಿತು. ಎರಚುವುದರಿಂದ ತೊಂದರೆಯಿಲ್ಲ ಅನ್ನುವ ಅವರ ಮಾತು ಅಳತೆಯಲ್ಲಿ ನಿಲ್ಲುವುದು ಕಷ್ಟ. ಆದರೆ ಮೇವಿನಿಂದ ಶುರು ಮಾಡಿ ಅನ್ನುವ ಮಾತು ಪೂರ್ತಿ ಸರಿ. ಈಗ ಅಲ್ಲಿನ ಡೇರಿಗಳು ಹಾಲಿನ ಫ್ಯಾಟ್, ಪ್ರೋಟೀನ್ ಜೊತೆಗೆ ಹಾಲಿನಲ್ಲಿ ಯೂರಿಯಾ ಎಷ್ಟಿದೆ ಅಂತಲೂ ರೈತನಿಗೆ ತಿಳಿಸುತ್ತವೆ. ಹಾಲಿನ ಯೂರಿಯಾ ಏರಿತು ಅಂದರೆ ಹಸುವಿಗೆ ಬೇಕಾದ್ದಕ್ಕಿಂತ ಜಾಸ್ತಿ ಪ್ರೋಟೀನ್ ಹೋಗುತ್ತಿದೆ ಅಂತ. ನಮ್ಮ ಡೇರಿ ಚೀಟಿಯಲ್ಲಿ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಮಾತ್ರ ಇರುತ್ತದೆ.

ಕಾಗದದಲ್ಲಿ ಇಳಿಯಿತು, ಗಾಳಿಯಲ್ಲಿ?

1990ರಲ್ಲಿ ದೇಶದ ಒಟ್ಟು ಅಮೋನಿಯಾ ಸುಮಾರು ಮೂರೂವರೆ ಲಕ್ಷ ಟನ್. ಮೂವತ್ತು ವರ್ಷದ ಹೊತ್ತಿಗೆ ಅದು ಒಂದೂಕಾಲು ಲಕ್ಷ ಟನ್ನಿನ ಆಸುಪಾಸಿಗೆ ಇಳಿಯಿತು. ಹೆಚ್ಚುಕಡಿಮೆ ಮೂರನೇ ಎರಡು ಪಾಲು ಕಡಿತ. ಅದರಲ್ಲಿ ಹೆಚ್ಚಿನ ಕೀರ್ತಿ ಹೊಲದಲ್ಲಿ ಗೊಬ್ಬರ ಹಾಕುವ ರೀತಿ ಬದಲಾದದ್ದಕ್ಕೆ. ಟ್ಯಾಂಕ್ ಮುಚ್ಚಿಡುವ ನಿಯಮವೂ, 1984ರಲ್ಲಿ ಬಂದ ಯುರೋಪಿನ ಹಾಲಿನ ಕೋಟಾದಿಂದ (ಇಷ್ಟೇ ಹಾಲು ಅನ್ನುವ ಮಿತಿ) ಹಸು ಕಡಿಮೆಯಾದದ್ದೂ ಸೇರಿಕೊಂಡವು.

ಆದರೆ ಈ ಟನ್ನುಗಳನ್ನು ಯಾರೂ ತೂಗಿದ್ದಲ್ಲ. ಇಷ್ಟು ಹಸು, ಇಷ್ಟು ಬಗ್ಗಡ, ಇಂಥ ಯಂತ್ರ, ಹಾಗಾದರೆ ಇಷ್ಟು ನಷ್ಟ ಅಂತ ಗುಣಿಸಿ ತೆಗೆದದ್ದು. ರಾಷ್ಟ್ರೀಯ ಆರೋಗ್ಯ ಮತ್ತು ಪರಿಸರ ಸಂಸ್ಥೆ ಆರ್‌ಐವಿಎಂ ಗಾಳಿಯಲ್ಲೇ ಅಮೋನಿಯಾ ಅಳೆಯುತ್ತಿತ್ತು. 1990ರ ದಶಕದಲ್ಲೇ ಅದಕ್ಕೆ ಗೊತ್ತಾಯಿತು: ಲೆಕ್ಕ ಹೇಳಿದ್ದಕ್ಕಿಂತ ಗಾಳಿಯಲ್ಲಿ ಜಾಸ್ತಿ ಇದೆ. ಇದಕ್ಕೆ ಡಚ್ಚರು ಅಮೋನಿಯಾ ತೂತು ಅಂತ ಹೆಸರಿಟ್ಟರು.

ರೈತರು ಹೇಳಿದರು, ನೋಡಿ, ನಿಮ್ಮ ಯಂತ್ರ ಕೆಲಸ ಮಾಡಿಲ್ಲ. ವಿಜ್ಞಾನಿಗಳು ಹುಡುಕುತ್ತಾ ಹೋದಾಗ ಎರಡು ಸಂಗತಿ ಸಿಕ್ಕವು. ಹೊಲದಲ್ಲಿ ಆಗುವ ನಷ್ಟವನ್ನು ಲೆಕ್ಕದಲ್ಲಿ ಕಡಿಮೆ ಹಿಡಿದಿದ್ದರು ಅನ್ನುವುದು ಒಂದು. ಇನ್ನೊಂದು ಸ್ವಲ್ಪ ತಮಾಷೆಯಾಗಿದೆ. ಅಷ್ಟರಲ್ಲಿ ಚಿಮಣಿಗಳ ಗಂಧಕದ ಹೊಗೆ ತುಂಬ ಕಡಿಮೆಯಾಗಿತ್ತು. ಹಿಂದೆ ಅಮೋನಿಯಾ ಗಂಧಕದ ಆಮ್ಲದ ಜೊತೆ ಸೇರಿ ಕಣವಾಗಿ ದೂರ ತೇಲಿ ಹೋಗುತ್ತಿತ್ತು. ಸೇರಲು ಜೊತೆ ಇಲ್ಲದ ಮೇಲೆ ಅನಿಲವಾಗಿಯೇ ಗಾಳಿಯಲ್ಲಿ ಉಳಿಯಿತು. ಒಂದು ಹೊಗೆ ಕಡಿಮೆ ಮಾಡಿದ್ದಕ್ಕೆ ಇನ್ನೊಂದು ಎದ್ದು ಕಂಡಿತು.

ಇನ್ನೊಂದು ಪರೀಕ್ಷೆ ನನಗೆ ಬಹಳ ಹಿಡಿಸಿದ್ದು. ಹೊಸ ಹೊಸ ಕೊಟ್ಟಿಗೆ ನೆಲಗಳು ಬಂದಿದ್ದವು, ಅಮೋನಿಯಾ ಅರ್ಧ ಕಡಿಮೆ, ಮುಕ್ಕಾಲು ಕಡಿಮೆ ಅಂತ ಸರ್ಟಿಫಿಕೇಟ್ ಹೊತ್ತುಕೊಂಡು. ರೈತರು ಲಕ್ಷಗಟ್ಟಲೆ ಯೂರೋ ಸಾಲ ಮಾಡಿ ಹಾಕಿಸಿದ್ದರು. 2019ರಲ್ಲಿ ಡಚ್ ಅಂಕಿಅಂಶ ಇಲಾಖೆ ಗ್ಯಾಸ್ ಮೀಟರ್ ಇಲ್ಲದೆಯೇ ಇದನ್ನು ಪರೀಕ್ಷಿಸಿತು. ಗೊಬ್ಬರದಲ್ಲಿ ಸಾರಜನಕ ಇದೆ, ರಂಜಕವೂ ಇದೆ. ಸಾರಜನಕ ಹಾರುತ್ತದೆ, ರಂಜಕ ಹಾರುವುದಿಲ್ಲ. ಹಸು ಹೊರಹಾಕಿದಾಗ ರಂಜಕದ ಒಂದು ಪಾಲಿಗೆ ಸಾರಜನಕ ಎಷ್ಟಿತ್ತು ಅಂತ ಮೇವಿನ ಲೆಕ್ಕದಿಂದ ಗೊತ್ತು. ಕೊಟ್ಟಿಗೆಯಿಂದ ಲಾರಿಗೆ ತುಂಬುವಾಗ ಎಷ್ಟಿದೆ ಅಂತ ಸ್ಯಾಂಪಲ್‌ನಿಂದ ಗೊತ್ತು. ನಡುವೆ ಕಾಣೆಯಾದ ಸಾರಜನಕ ಗಾಳಿಗೆ ಹೋಯಿತು, ಇನ್ನೆಲ್ಲಿಗೆ ಹೋದೀತು? ಹೀಗೆ ನೋಡಿದಾಗ ಹೊಸ ಕೊಟ್ಟಿಗೆಗಳಿಂದ ಹೋದ ಸಾರಜನಕ ಸರ್ಟಿಫಿಕೇಟ್ ಹೇಳಿದ್ದಕ್ಕಿಂತ ಬಹಳ ಜಾಸ್ತಿ ಇತ್ತು. ಕಂಪನಿಯವರನ್ನು ನಂಬಿ ಸಾಲ ಮಾಡಿದ ರೈತ ನಡುವೆ ಸಿಕ್ಕಿಬಿದ್ದ. ಟ್ರ್ಯಾಕ್ಟರ್ ಹತ್ತಿ ಹೇಗ್‌ಗೆ ಹೊರಟವರ ಸಿಟ್ಟಿನಲ್ಲಿ ಈ ಮೋಸದ ಪಾಲೂ ಇದೆ ಅಂತ ನನಗನಿಸುತ್ತದೆ.

ನ್ಯಾಯಾಲಯದ ಮುಂದೆ

ಕಾನೂನಿನ ಕಥೆಯನ್ನು ಬೇಗ ಮುಗಿಸುತ್ತೇನೆ. 2015ರ ಏಪ್ರಿಲ್‌ನಲ್ಲಿ ಹಾಲಿನ ಕೋಟಾ ಹೋಯಿತು, ಹಸುಗಳು ಹೆಚ್ಚಿದವು. ಅದೇ ಜುಲೈನಲ್ಲಿ ಸರ್ಕಾರ ಪಿಎಎಸ್ ಎಂಬ ಸಾರಜನಕ ಯೋಜನೆ ತಂದಿತು. ಮುಂದೆ ಸಾರಜನಕ ಇಳಿಯುತ್ತದೆ ಅನ್ನುವ ನಿರೀಕ್ಷೆಯ ಮೇಲೆ ಇವತ್ತೇ ಹೊಸ ಕೊಟ್ಟಿಗೆಗೂ ರಸ್ತೆಗೂ ಅನುಮತಿ ಕೊಡುವ ಏರ್ಪಾಡು ಅದು. ಮುಂದಿನ ವರ್ಷದ ಬೆಳೆ ತೋರಿಸಿ ಈ ವರ್ಷ ಸಾಲ ತೆಗೆದ ಹಾಗೆ. ಯೋಹಾನ್ ವೊಲೆನ್‌ಬ್ರೂಕ್ ಎಂಬ ಪರಿಸರ ಕಾರ್ಯಕರ್ತರ ಸಂಘಟನೆ ನ್ಯಾಯಾಲಯಕ್ಕೆ ಹೋಯಿತು. 2019ರ ಮೇ 29ರಂದು ದೇಶದ ಉನ್ನತ ಆಡಳಿತ ನ್ಯಾಯಾಲಯ ಆ ಯೋಜನೆಯನ್ನು ಅನುಮತಿಗೆ ಆಧಾರ ಮಾಡಿಕೊಳ್ಳುವ ಹಾಗಿಲ್ಲ ಅಂದಿತು. ಸುಮಾರು 18,000 ಕಾಮಗಾರಿಗಳು ನಿಂತವು. ಅದರಲ್ಲಿ ಮನೆ ಕಟ್ಟುವುದು, ರಸ್ತೆ ಮಾಡುವುದು ಎಲ್ಲ ಇತ್ತು. ಇದಾಗಿ ನಾಲ್ಕು ತಿಂಗಳಿಗೆ ಟ್ರ್ಯಾಕ್ಟರ್‌ಗಳು ಹೇಗ್‌ಗೆ ಹೊರಟವು. 2020ರ ಮಾರ್ಚ್‌ನಲ್ಲಿ ಹಗಲು ಹೊತ್ತು ಹೆದ್ದಾರಿಯ ವೇಗವನ್ನು ಗಂಟೆಗೆ 100 ಕಿಲೋಮೀಟರಿಗೆ ಇಳಿಸಿದರು, ವಾಹನಗಳ ಸಾರಜನಕವಾದರೂ ಸ್ವಲ್ಪ ಕಡಿಮೆಯಾಗಲಿ ಅಂತ. ಸಗಣಿಯ ಲೆಕ್ಕ ತಪ್ಪಿದ್ದಕ್ಕೆ ಕಾರಿನ ವೇಗ ಇಳಿದ ದೇಶ ಬೇರೆ ಇದ್ದಂತಿಲ್ಲ.

2022ರ ಜೂನ್‌ನಲ್ಲಿ ಸಚಿವೆ ಕ್ರಿಸ್ಟಿಯಾನೆ ವಾನ್ ಡೆರ್ ವಾಲ್ ಒಂದು ನಕ್ಷೆ ಹೊರಡಿಸಿದರು. ರಕ್ಷಿತ ಕಾಡುಗಳ ಹತ್ತಿರ ಕೆಲವು ಕಡೆ ಶೇ. 95ರಷ್ಟು ಕಡಿತ ಆಗಬೇಕು ಅಂತ ಅದರಲ್ಲಿತ್ತು. ಶೇ. 95 ಅಂದರೆ ದನ ಸಾಕುವುದನ್ನು ಬಿಡಿ ಅಂತಲೇ ಅರ್ಥ. ರಸ್ತೆಗಳಲ್ಲಿ ಹುಲ್ಲಿನ ಹೊರೆಗೆ ಬೆಂಕಿ ಬಿತ್ತು, ದೇಶದ ಬಾವುಟ ತಲೆಕೆಳಗಾಗಿ ಹಾರಿತು. 2023ರ ಮಾರ್ಚ್ 15ರ ಪ್ರಾಂತ ಚುನಾವಣೆಯಲ್ಲಿ ಕಾರೊಲೀನ್ ವಾನ್ ಡೆರ್ ಪ್ಲಾಸ್ ಅವರ ರೈತ ಪಕ್ಷ ಬಿಬಿಬಿ ಎಲ್ಲಕ್ಕಿಂತ ಹೆಚ್ಚು ಮತ ಪಡೆಯಿತು. 2025ರ ಜನವರಿ 22ರಂದು ಪರಿಸರ ಸಂಘಟನೆ ಗ್ರೀನ್‌ಪೀಸ್ ಹಾಕಿದ ದಾವೆಯಲ್ಲಿ ಹೇಗ್ ನ್ಯಾಯಾಲಯ ಸರ್ಕಾರಕ್ಕೆ ಮತ್ತೆ ಗಡುವು ಕೊಟ್ಟಿತು: ಸೂಕ್ಷ್ಮ ನೆಲೆಗಳಲ್ಲಿ ಅರ್ಧದಷ್ಟನ್ನು 2030ರೊಳಗೆ ಸುರಕ್ಷಿತ ಮಟ್ಟಕ್ಕೆ ತನ್ನಿ, ಇಲ್ಲದಿದ್ದರೆ ಒಂದು ಕೋಟಿ ಯೂರೋ ದಂಡ.

ಹಡಗು ಮಾತ್ರ ಬರುತ್ತಲೇ ಇದೆ

ಸೀಳುವ ಯಂತ್ರ ಸೋತಿತು ಅಂತ ಹೇಳುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಅದಕ್ಕೆ ಒಪ್ಪಿಸಿದ ಕೆಲಸವನ್ನು ಅದು ಮಾಡಿತು. ಎಡವಟ್ಟಾದದ್ದು ಬೇರೆ ಕಡೆ. ಹಿಡಿದಿಟ್ಟ ಸಾರಜನಕ ಎಲ್ಲಿಗಾದರೂ ಹೋಗಲೇಬೇಕು. ಹೊಲಕ್ಕೆ ಬೆಳೆ ಹೀರುವಷ್ಟೇ ಬಂದಿದ್ದರೆ ಅದು ಹುಲ್ಲಿಗೆ ಹೋಗುತ್ತಿತ್ತು. ಹೆಚ್ಚಾದದ್ದು ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿಯುತ್ತದೆ. ಸೀಳಿನೊಳಗೆ ಗಾಳಿಯಾಡದ ಕಡೆ ಒಂದು ಚೂರು ನೈಟ್ರಸ್ ಆಕ್ಸೈಡ್ ಆಗುತ್ತದೆ. ಅದು ಭೂಮಿ ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಜೋರು. ಒಂದು ಬಾಗಿಲು ಹಾಕಿದರೆ ಇನ್ನೊಂದರಿಂದ ಹೊರಡುತ್ತದೆ, ಒಳಗೆ ಬರುವುದು ನಿಲ್ಲುವವರೆಗೆ.

1991ರ ಯುರೋಪಿನ ನೈಟ್ರೇಟ್ ನಿಯಮ ದನದ ಗೊಬ್ಬರಕ್ಕೆ ಮಿತಿ ಹಾಕಿತ್ತು, ಹೆಕ್ಟೇರಿಗೆ ವರ್ಷಕ್ಕೆ 170 ಕೆಜಿ ಸಾರಜನಕ. ಡಚ್ಚರು 2006ರಿಂದ ವಿನಾಯಿತಿ ಪಡೆದು ಹುಲ್ಲುಗಾವಲಿನಲ್ಲಿ 250 ಕೆಜಿವರೆಗೆ ಹಾಕುತ್ತಿದ್ದರು. ತಮ್ಮಲ್ಲಿ ಹುಲ್ಲು ಚೆನ್ನಾಗಿ ಬೆಳೆಯುತ್ತದೆ, ಅಷ್ಟನ್ನೂ ಹೀರುತ್ತದೆ ಅನ್ನುವುದು ಅವರ ವಾದ. 2022ರಲ್ಲಿ ಯುರೋಪಿಯನ್ ಕಮಿಷನ್ ಆ ವಿನಾಯಿತಿಯನ್ನು ವರ್ಷವರ್ಷ ಇಳಿಸುತ್ತಾ ಮುಗಿಸಲು ಹೇಳಿತು. ಈಗ ಹೊಲಕ್ಕೆ ಹಾಕಲಾಗದೆ ಮಿಕ್ಕ ಗೊಬ್ಬರವನ್ನು ಲಾರಿಯಲ್ಲಿ ಸಾಗಿಸಲು ರೈತರೇ ದುಡ್ಡು ಕೊಡಬೇಕು. ನಮ್ಮಲ್ಲಿ ಒಂದು ಲೋಡ್ ಕೊಟ್ಟಿಗೆ ಗೊಬ್ಬರಕ್ಕೆ ಸಾವಿರಗಟ್ಟಲೆ ಕೊಟ್ಟು ತರುತ್ತೇವೆ. ಅಲ್ಲಿ ಕೊಟ್ಟವನೇ ದುಡ್ಡನ್ನೂ ಕೊಡುತ್ತಾನೆ.

ಸಣ್ಣ ಪುಟ್ಟ ಸುಧಾರಣೆ ನಡೆಯುತ್ತಲೇ ಇದೆ. ಜೌಗು ಮತ್ತು ಜೇಡಿ ನೆಲದಲ್ಲಿ ಭಾರದ ಯಂತ್ರ ಬೇಡ ಅನ್ನುವವರು ನೆಲಕ್ಕೆ ತಾಗಿಸಿ ಎಳೆಯುವ ಹಗುರ ಪೈಪಿನಲ್ಲಿ ಹಾಕಬಹುದು. ಆದರೆ ಎರಡು ಪಾಲು ಬಗ್ಗಡಕ್ಕೆ ಒಂದು ಪಾಲು ನೀರು ಬೆರೆಸಿರಬೇಕು. ತೆಳ್ಳಗಿದ್ದರೆ ಬೇಗ ಇಂಗುತ್ತದೆ. ಮಳೆ ಹನಿಯುವ ದಿನ ನೋಡಿ ಹಾಕು ಅಂತ ನಮ್ಮ ಹಿರಿಯರು ಹೇಳುವುದೂ ಇದೇ ಕಾರಣಕ್ಕೆ. ಹಸುಗಳನ್ನು ಮತ್ತೆ ಮೇಯಲು ಬಿಡುವ ರೈತರಿಗೆ ಡೇರಿಗಳು ಹಾಲಿಗೆ ಸ್ವಲ್ಪ ಹೆಚ್ಚು ಬೆಲೆ ಕೊಡುತ್ತವೆ.

ರಕ್ಷಿತ ಬಯಲುಗಳಲ್ಲಿ ಅಲ್ಲಲ್ಲಿ ಒಂದು ಕಂಬ ನೆಟ್ಟಿದ್ದಾರೆ. ಅದರ ತುದಿಯಲ್ಲಿ ಬೆರಳಿನಷ್ಟು ಚಿಕ್ಕ ಪ್ಲಾಸ್ಟಿಕ್ ಕೊಳವೆ, ಒಳಗೆ ಅಮೋನಿಯಾ ಹೀರುವ ಆಮ್ಲ ಸವರಿದ ಬಿಲ್ಲೆ. 2005ರಲ್ಲಿ ಆರ್‌ಐವಿಎಂ ಶುರು ಮಾಡಿದ ಜಾಲ ಇದು. ತಿಂಗಳಿಗೊಮ್ಮೆ ಅರಣ್ಯ ಕಾಯುವವರು, ಸ್ವಯಂಸೇವಕರು ಹೋಗಿ ಹಳೆಯ ಕೊಳವೆ ಬಿಚ್ಚಿ ಹೊಸದನ್ನು ಕಟ್ಟಿ ಬರುತ್ತಾರೆ. ಹಳೆಯದು ಲ್ಯಾಬಿಗೆ ಹೋಗುತ್ತದೆ. ಕಾಗದದ ಲೆಕ್ಕ ಇಳಿಯುತ್ತಿದ್ದ ವರ್ಷಗಳಲ್ಲೂ ಆ ಕೊಳವೆಗಳ ಅಂಕಿ ಬಹುಕಾಲ ಇಳಿಯಲಿಲ್ಲ. 2018ರ ಬೇಸಿಗೆಯಲ್ಲಿ ಮಳೆಯಿಲ್ಲದೆ ಬಿಸಿಲು ಜೋರಾದಾಗ ಏರಿತು ಕೂಡ. ಫೆಬ್ರವರಿ ಮಧ್ಯ ಕಳೆದು ಟ್ಯಾಂಕರ್‌ಗಳು ಹೊಲಕ್ಕೆ ಇಳಿದ ಮೇಲೆ ಬಿಚ್ಚಿ ತಂದ ಕೊಳವೆಯಲ್ಲಿ ಪ್ರತಿ ವರ್ಷವೂ ಅಂಕಿ ಎದ್ದು ಕೂರುತ್ತದೆ.